ನೋಟಿಗೆ ಬಾಯಿಲ್ಲ

ಜೇಬಿನಲ್ಲಿ ಫೋನು ‘ಟಣ್’ ಎಂದಿತು. ಬೀಗದಂಗಡಿಯವನಿಗೆ ಹೇಳುತ್ತಿದ್ದ ಮಾತನ್ನು ಅವನು ಅರ್ಧಕ್ಕೇ ನುಂಗಿಕೊಂಡ.

ಹೊಲಿಗೆ ಅಂಗಡಿ. ಹನ್ನೊಂದು ಗಂಟೆ ಐದು ನಿಮಿಷ.

ಹೆಂಡತಿ ಹಾಲಿನ ಬೂತಿನಲ್ಲಿ ಹಣ ಕೊಟ್ಟದ್ದು ಹತ್ತೂವರೆಗೆ. ಅಲ್ಲಿ ಗುಪ್ತಸಂಖ್ಯೆಯನ್ನು ಎರಡು ಸಲ ತಪ್ಪು ಒತ್ತಿದ್ದಳು. ಕೈ ನಡುಗುತ್ತಿತ್ತೇ? ಬೂತಿನಿಂದ ಹೊಲಿಗೆ ಅಂಗಡಿಗೆ ಹತ್ತು ನಿಮಿಷದ ದಾರಿ. ಉಳಿದ ಇಪ್ಪತ್ತೈದು ನಿಮಿಷ ಯಾರ ಜೊತೆ ನಿಂತಿದ್ದಳು?

“ಆಮೇಲೆ ಬರ್ತೀನಿ,” ಎಂದು ಬೀದಿಗಿಳಿದ.

ಅಂಗಡಿ ಅಂಗಡಿ ಸುತ್ತಿ ಪಾವತಿಯ ಯಂತ್ರ ಹಾಕಿಸುವುದು ಅವನ ಕೆಲಸ. “ನೋಟಿಗೆ ಬಾಯಿಲ್ಲ ಸ್ವಾಮಿ. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಹೇಳಲ್ಲ. ಇದು ಹೇಳುತ್ತೆ.” ಈ ಮಾತಿಗೆ ಎಂಥ ಜಿಪುಣನೂ ಕರಗುತ್ತಿದ್ದ. ಊರಿಗೆಲ್ಲ ಬುದ್ಧಿ ಹೇಳಿ ಸ್ವಂತ ಮನೆಯನ್ನು ಮರೆಯುವವನಲ್ಲ ಅವನು. ಮನೆಯಲ್ಲಿ ಒಂದೇ ಒಂದು ನೋಟಿರಲಿಲ್ಲ. ಹೆಂಡತಿಯ ಫೋನು ಇವನ ಖಾತೆಗೆ ಸೇರಿತ್ತು. ಅವಳು ಒಂದು ಸೂಜಿ ಕೊಂಡರೂ ಇವನ ಜೇಬಿನಲ್ಲಿ ಸದ್ದಾಗುತ್ತಿತ್ತು.

ಆರು ತಿಂಗಳ ಹಿಂದೆ ಅವಳು ಚೀಲ ಹಿಡಿದು ಮನೆ ಬಿಟ್ಟಿದ್ದಳು. ಬಸ್ಸಿನ ಟಿಕೆಟ್ಟಿಗೆ ಫೋನಿನಲ್ಲೇ ಹಣ ಕೊಟ್ಟಳು, ಪಾಪ. ಬಸ್ಸು ಹೊರಡುವ ಮೊದಲೇ ಇವನು ಅದರ ಬಾಗಿಲಲ್ಲಿ ನಿಂತಿದ್ದ. ಆ ದಿನದಿಂದ ಅವಳು ಬಿರುಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ತೊಡುತ್ತಿದ್ದಳು. ಮತ್ತೆ ಹೋದರೆ ಎಂಬ ಭಯ ಮಾತ್ರ ಇವನನ್ನು ಬಿಟ್ಟಿರಲಿಲ್ಲ. ಅವಳಿಲ್ಲದ ಮನೆಯನ್ನು ನೆನೆದರೆ ಕೈಕಾಲು ತಣ್ಣಗಾಗುತ್ತಿದ್ದವು. ಅದನ್ನೇ ಅವನು ಪ್ರೀತಿ ಎಂದುಕೊಂಡಿದ್ದ.

ಹಗಲಿನ ಕಾವಲಿಗೆ ಅಮ್ಮ ಇದ್ದಳು. ದಪ್ಪ ಕನ್ನಡಕ, ಮೊಣಕಾಲು ನೋವು, ಸೊಸೆಯ ಮೇಲೆ ಸದಾ ಒಂದು ಕಣ್ಣು. ಅವಳಿಗೂ ಫೋನಿನಲ್ಲಿ ಹಣ ಕೊಡುವುದನ್ನು ಕಲಿಸಲು ಹೋಗಿ ಇವನು ಸೋತಿದ್ದ. “ನನ್ನ ತಲೆಗೆ ಹತ್ತಲ್ಲ ಬಿಡಪ್ಪಾ,” ಎಂದಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತೆಂದು ನಕ್ಕು ಸುಮ್ಮನಾಗಿದ್ದ. ಇತ್ತೀಚೆಗೆ ಅವಳ ಕೈಯಲ್ಲಿ ಚಿನ್ನದ ಬಳೆಗಳೂ ಇರಲಿಲ್ಲ. ಕೇಳಿದ್ದಕ್ಕೆ, “ಕೈ ಊದ್ಕೊಂಡಿದೆ, ತೆಗೆದಿಟ್ಟೆ,” ಎಂದಿದ್ದಳು.

ಈ ದಿನ ಬೆಳಿಗ್ಗೆ ಹೆಂಡತಿ ತಲೆ ಎತ್ತದೆ, “ಇವತ್ತು ನಾಲ್ಕು ಅಂಗಡಿ ಕೆಲಸ ಇದೆ,” ಎಂದಳು.

ಇವನು ಹುಬ್ಬು ಗಂಟಿಕ್ಕಿದ. ಒಳಗಿನಿಂದ ಅಮ್ಮ ಕೂಗಿದಳು: “ಹೋಗ್ಲಿ ಬಿಡೋ. ನಾನಿದ್ದೀನಲ್ಲ, ಎಲ್ಲಾ ನೋಡ್ಕೋತೀನಿ.”

ಇವನು ಅಂಗಡಿ ತಲುಪಿದಾಗ ಹೊಲಿಗೆಯವನು ಸೂಜಿಗೆ ದಾರ ಪೋಣಿಸುತ್ತ ಕುಳಿತಿದ್ದ.

“ನಮ್ಮ ಮನೆಯವರು ಬಂದಿದ್ರಾ?”

“ಬಂದಿದ್ರು. ಸ್ವಲ್ಪ ಹೊತ್ತು ಕೂತು, ನೀರು ಕುಡಿದು, ಈಗ ತಾನೆ ಹೋದ್ರು.”

“ಒಬ್ಬರೇನಾ?”

“ಒಬ್ಬರೇ.”

ಫೋನ್ ಮಾಡಲು ಬೆರಳೆತ್ತಿದವನು ತಡೆದುಕೊಂಡ. ಸುಳಿವು ಸಿಕ್ಕರೆ ಹಕ್ಕಿ ಹಾರೀತು. ಯಾರ ಜೊತೆಗಿದ್ದಾಳೋ, ಕೈಗೇ ಸಿಕ್ಕಿಬೀಳಲಿ.

ಟಣ್. ಔಷಧಿ ಅಂಗಡಿ. ಪಕ್ಕದ ಬೀದಿಯೇ, ಆದರೂ ಅರ್ಧ ಗಂಟೆಯ ಅಂತರ. ಅವನು ಓಡಿದ. ಅಲ್ಲಿಯೂ ಅದೇ ಮಾತು: “ನೋವಿನ ಮುಲಾಮು ತಗೊಂಡು ಈಗ ತಾನೆ ಹೋದ್ರಲ್ಲ!”

ಅಮ್ಮನ ಮುಲಾಮು. ಅಂದರೆ ಮನೆಯ ನೆನಪು ಇನ್ನೂ ಇದೆ ಅವಳಿಗೆ. ಎದೆಯ ಭಾರ ತುಸು ಇಳಿಯಿತು. ಆ ಬೀದಿಯನ್ನೆಲ್ಲ ಹುಡುಕಿ ಮುಗಿಸುವಷ್ಟರಲ್ಲಿ ಮತ್ತೆ ಟಣ್. ಮನೆಯ ತಿರುವಿನ ಬೇಕರಿ! ಮನೆಯ ಕಡೆಗೇ ಬರುತ್ತಿದ್ದಾಳೆ. ಕೈಯಲ್ಲಿ ಬಿಡಿಗಾಸಿಲ್ಲದವಳು ಇನ್ನೆಲ್ಲಿಗೆ ಹೋದಾಳು? ಬೆವರು ಒರೆಸಿಕೊಂಡು, ಹೇಳಬೇಕಾದ ಮಾತುಗಳನ್ನು ಹಲ್ಲಿನ ನಡುವೆ ಮಸೆಯುತ್ತ ತಿರುವಿಗೆ ಬಂದ.

ಬೇಕರಿಯ ಮುಂದಿನ ಬೆಂಚಿನ ಮೇಲೆ ಹೆಂಡತಿಯ ಕೈಚೀಲವಿತ್ತು. ಅದರ ಪಕ್ಕದಲ್ಲಿ ಹೆಂಡತಿಯ ಫೋನನ್ನು ಮಡಿಲಲ್ಲಿಟ್ಟುಕೊಂಡು, ಮೊಣಕಾಲಿಗೆ ಮುಲಾಮು ಉಜ್ಜುತ್ತ ಅಮ್ಮ ಕುಳಿತಿದ್ದಳು.

“ಬಂದ್ಯಾ?” ಎಂದಳು. “ಒಂಬತ್ತೂವರೆ ಬಸ್ಸಿಗೆ ಹತ್ತಿಸಿದೆ. ಇಷ್ಟು ಹೊತ್ತಿಗೆ ದೂರ ಹೋಗಿರ್ತಾಳೆ.”

ಅವನು ಫೋನು ತೆಗೆದು ಬೆಳಗಿನಿಂದ ಬಂದ ಸಂದೇಶಗಳನ್ನೆಲ್ಲ ಸರಿಸಿ ನೋಡಿದ. “ಟಿಕೆಟ್ಟಿಗೆ ದುಡ್ಡು? ನನಗೆ ಸದ್ದೇ ಬರ್ಲಿಲ್ಲ...”

ಅಮ್ಮ ಬೋಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಬಳೆ ಕೊಂಡವನು ಫೋನಿಗೇ ಹಾಕ್ತೀನಿ ಅಂದ ಕಣೋ. ಬೇಡಪ್ಪ, ನೋಟೇ ಕೊಡು, ಅದಕ್ಕೆ ಬಾಯಿಲ್ಲ ಅಂದೆ.”