ಎಲೆಯಿಲ್ಲದ ಕಳ್ಳಿ

ಕಳ್ಳಿಯ ಕೊಂಬೆ ಮುರಿದಾಗ ಬರುವ ಹಾಲಿನ ಕಟುವಾಸನೆ ಈಗಲೂ ನನ್ನನ್ನು ನಮ್ಮೂರು ಡೋಣಿಯ ಶಾಲೆಗೆ ಕರೆದೊಯ್ಯುತ್ತದೆ.

ಕನ್ನಡನಾಡು ಒಂದಾದ ಮರುವರ್ಷದ ಬೇಸಿಗೆ. ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಅದು ಮುಗಿದ ಮೇಲೆ ಹೆಣ್ಣುಮಗಳಿಗೆ ಶಾಲೆ ಸಾಕು ಎಂದು ಅಪ್ಪ ನಿಶ್ಚಯಿಸಿದ್ದ. ಒಂದು ಮಧ್ಯಾಹ್ನ ಮಾಸ್ತರರು, ಬೇರು ನೀರು ತರುತ್ತದೆ, ಎಲೆಯ ಹಸಿರು ಬಿಸಿಲು ಹಿಡಿದು ಗಿಡಕ್ಕೆ ಅನ್ನ ಮಾಡುತ್ತದೆ ಎಂದು ಪಾಠ ಹೇಳಿದರು. ನಾನು ಎದ್ದು ನಿಂತೆ.

"ಮಾಸ್ತರ್ರ, ನಮ್ಮ ಬೇಲ್ಯಾಗಿನ ಕಳ್ಳಿಗೆ ಬ್ಯಾಸಗ್ಯಾಗ ಎಲಿನ ಇರಂಗಿಲ್ರಿ. ಅದು ಹೆಂಗ ಬದುಕತೈತಿ?"

ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. "ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲವ್ವಾ. ಕೇಳಿ ಹೇಳ್ತೀನಿ" ಎಂದರು.

ಭಾನುವಾರ ಅವರು ಗದಗಿನವರೆಗೆ ಸೈಕಲ್ ತುಳಿದು, ಅಲ್ಲಿನ ಹೈಸ್ಕೂಲು ಮಾಸ್ತರರನ್ನು ಕೇಳಿಕೊಂಡು, ಸಂಜೆ ನೇರವಾಗಿ ನಮ್ಮ ಮನೆಗೇ ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಬೇಲಿಯಿಂದ ಕಳ್ಳಿಯ ತುಂಡೊಂದನ್ನು ಮುರಿದು ನನ್ನ ಮುಂದೆ ಹಿಡಿದರು.

"ನೋಡವ್ವಾ, ಎಲ್ಯಾಗಿನ ಹಸರ ಈ ದಂಟಿನಾಗೂ ಐತಿ. ಎಲಿ ಉದುರಿದ್ರ ದಂಟ ಅಡಗಿ ಮಾಡತೈತಿ."

ಆಮೇಲೆ ಅಪ್ಪನತ್ತ ತಿರುಗಿದರು. "ಇಷ್ಟ ವರ್ಷ ಪಾಠ ಹೇಳೀನ್ರಿ, ಈ ಮಾತು ಯಾರೂ ಕೇಳಿರಲಿಲ್ಲ. ಇಕಿನ್ನ ಶಾಲಿ ಬಿಡಸಬ್ಯಾಡ್ರಿ."

ಅಪ್ಪ ಆ ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ದಣದ ಬಂದೀರಿ, ಮೊದಲ ಊಟಕ್ಕ ಕುಂಡ್ರಿ" ಎಂದಷ್ಟೇ ಹೇಳಿದ. ಅವ್ವ ಬಿಸಿ ರೊಟ್ಟಿ ಬಡಿದಳು. ನಾನು ನೀರು ತಂದಿಟ್ಟೆ.

ಊಟದ ನಡುವೆ ಅಪ್ಪ ತಲೆಯೆತ್ತದೆ ಕೇಳಿದ: "ಐದನೇ ಇಯತ್ತಿ ಪುಸ್ತಕ ಎಲ್ಲಿ ಸಿಗತಾವ್ರಿ, ಮಾಸ್ತರ್ರ?"