ಹೇಳಿದ್ದು ಹೇಳಿದಂತೆ

"ಏನೂ ಕಾಣ್ತಿಲ್ಲ ರೀ. ನಿಮ್ಮ ಮುಖ ಒಂದೇ ಕಾಣೋದು" ಎಂದು ಎತ್ತರದ ಕುರ್ಚಿಯಲ್ಲಿ ಕುಳಿತ ಗಿರಾಕಿ ನಕ್ಕರು.

ಎದುರು ಗೋಡೆಯ ಫಲಕದಲ್ಲಿ ಅಂಗೈಯಗಲದ ಅಕ್ಷರವೊಂದು ಬೆಳಗುತ್ತಿತ್ತು. ಕನ್ನಡಕದಂಗಡಿಯ ಪರೀಕ್ಷಕಿ ಕಡ್ಡಿಯಿಂದ ಅದನ್ನು ಮತ್ತೊಮ್ಮೆ ತೋರಿಸಿದಳು. ಈ ತಿಂಗಳಲ್ಲಿ ಅವರು ಬಂದದ್ದು ಇದು ಐದನೆಯ ಬಾರಿ. ಒಮ್ಮೆ ಚೌಕಟ್ಟು ಮೂಗಿನ ಮೇಲೆ ಜಾರುತ್ತದೆ, ಒಮ್ಮೆ ಕಿವಿಯ ಹಿಂದೆ ಒತ್ತುತ್ತದೆ. ಸರಿಪಡಿಸಲು ಅವಳೇ ಬರಬೇಕು, ಹತ್ತಿರ ಬಾಗಬೇಕು. ಅವರಿಗಿಂತ ಮೊದಲು ಅವರ ಅತ್ತರು ಒಳಬರುತ್ತಿದ್ದುದರಿಂದ ಅಂಗಡಿಯವರು ಅವರಿಗಿಟ್ಟ ಹೆಸರು ಅತ್ತರಪ್ಪ.

ಮಾಲೀಕರಿಗೆ ದೂರಿದ್ದೂ ಆಗಿತ್ತು. "ಮನೆಮಂದಿಗೆಲ್ಲ ನಮ್ಮಲ್ಲೇ ಕನ್ನಡಕ ಮಾಡಿಸ್ತಾರಮ್ಮ. ಎರಡು ಮಾತಾಡಿದ್ರೆ ನಿನ್ನ ಗಂಟೇನು ಹೋಗುತ್ತೆ? ಅವರು ಮುನಿಸ್ಕೊಂಡ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೋ" ಎಂದಿದ್ದರು. ಕನ್ನಡಕ ಕೊಳ್ಳುವವನು ಕನ್ನಡಕವನ್ನಷ್ಟೇ ಕೊಳ್ಳುತ್ತಾನೆ, ತೊಡಿಸುವವಳನ್ನಲ್ಲ ಎಂಬ ಮೊದಲ ಪಾಠವನ್ನು ತಲೆ ನರೆತವರಿಗೂ ಹೇಳಿಕೊಡಬೇಕಾಗಿ ಬಂದಿರುವುದು ನಾಚಿಕೆಗೇಡು.

ಆದರೆ ಇಂದು ಅತ್ತರಪ್ಪ ಬಂದದ್ದು ಕಾರು ಓಡಿಸುವ ಪರವಾನಗಿಯ ನವೀಕರಣಕ್ಕೆ ಬೇಕಾದ ದೃಷ್ಟಿಪತ್ರಕ್ಕಾಗಿ. ಆ ಪತ್ರಕ್ಕೊಂದು ನಿಯಮವಿತ್ತು: ಪರೀಕ್ಷೆಗೆ ಕುಳಿತವರು ಹೇಳಿದ್ದನ್ನು ಹೇಳಿದಂತೆಯೇ ಬರೆದು, ಕೆಳಗೆ ಅವರ ರುಜು ಪಡೆದು, ಅಂದೇ ಪರವಾನಗಿ ಕಚೇರಿಗೆ ಕಳುಹಿಸಬೇಕು.

"ಸರ್, ಕೊನೇ ಸಲ ಕೇಳ್ತೀನಿ. ಮೇಲಿನ ದೊಡ್ಡ ಅಕ್ಷರ ಯಾವುದು?"

"ಅಕ್ಷರ ಯಾರಿಗ್ರೀ ಬೇಕು? ಹೇಳಿದ್ನಲ್ಲ, ನಿಮ್ಮ ಮುಖ ಒಂದೇ ಅಂತ."

"ಹಾಗೇ ಬರ್ಕೊಳ್ಲಾ?"

"ಧಾರಾಳವಾಗಿ ಬರ್ಕೊಳ್ಳಿ! ದಪ್ಪ ಅಕ್ಷರದಲ್ಲೇ ಬರೀರಿ."

ಅವಳು ಬರೆದಳು. ಕಾಗದದತ್ತ ಕಣ್ಣೂ ಹಾಯಿಸದೆ, ಅವಳನ್ನೇ ನೋಡುತ್ತ ಅತ್ತರಪ್ಪ ಉದ್ದನೆಯ ರುಜು ಎಳೆದರು.

ಮುಂದಿನ ವಾರ ಅತ್ತರಿಗಿಂತ ಮೊದಲು ಅವರ ಹೆಂಡತಿ ಒಳಬಂದರು. ಅವರ ಹಿಡಿತದಲ್ಲಿ ಗಂಡನ ಮುಂಗೈ. ಆಕೆ ಪರವಾನಗಿ ಕಚೇರಿಯ ಕಾಗದವನ್ನು ಮೇಜಿನ ಮೇಲೆ ಹರಡಿ, ಅಂಗಡಿಗೆಲ್ಲ ಕೇಳುವಂತೆ ಓದಿದರು: "'ಅರ್ಜಿದಾರರ ಹೇಳಿಕೆ: ಏನೂ ಕಾಣ್ತಿಲ್ಲ ರೀ, ನಿಮ್ಮ ಮುಖ ಒಂದೇ ಕಾಣೋದು. ಆದಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಇಲ್ಲಿಗೆ ಬಸ್ಸಲ್ಲಿ ಬಂದ್ವಿ."

ಮಾಲೀಕರು ಓಡಿಬಂದರು. "ಏನಮ್ಮಾ ಇದು? ಹೀಗಾ ಬರೆಯೋದು?"

"ಕೆಳಗಿರೋ ರುಜು ಅವರದೇ ಸರ್" ಎಂದಳು ಪರೀಕ್ಷಕಿ.

"ನೀವು ಸುಮ್ನಿರಿ ಯಜಮಾನ್ರೇ" ಎಂದರು ಹೆಂಡತಿ. "ನಮ್ಮನೇಲಿ ಆರು ಜನಕ್ಕೆ ಕನ್ನಡಕ ಇದೆ. ಈ ಹುಡುಗಿ ಇಲ್ಲಿದ್ರೆ ಮಾತ್ರ ಇನ್ಮುಂದೆ ಇಲ್ಲಿಗೆ ಬರ್ತೀವಿ. ಇವರನ್ನ ಇನ್ನೊಂದ್ಸಲ ಪರೀಕ್ಷೆ ಮಾಡಮ್ಮ."

ಅತ್ತರಪ್ಪ ಕುರ್ಚಿ ಏರಿದರು. ಕಡ್ಡಿ ಎತ್ತುವ ಮೊದಲೇ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೇ ಉಸಿರಿಗೆ ಓದಿದರು. ಅಲ್ಲಿಗೂ ನಿಲ್ಲದೆ, ಫಲಕದ ಮೂಲೆಯಲ್ಲಿ ಎಳ್ಳುಕಾಳಿನಷ್ಟಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿಬಿಟ್ಟರು.

ಪರೀಕ್ಷಕಿ ಪೆನ್ನು ತೆರೆದಳು. "ಈಗ ನನ್ನ ಮುಖ ಕಾಣ್ತಿದ್ಯಾ ಸರ್?"

ಅತ್ತರಪ್ಪ ಗೋಡೆಯಿಂದ ಕಣ್ಣು ಕೀಳಲಿಲ್ಲ. "ಇಲ್ಲ ತಾಯೀ."

"ಅದನ್ನೂ ಹೇಳಿದ ಹಾಗೇ ಬರ್ಕೋಮ್ಮ" ಎಂದರು ಹೆಂಡತಿ. "'ತಾಯೀ' ಅನ್ನೋದನ್ನ ದಪ್ಪ ಅಕ್ಷರದಲ್ಲಿ."