ಹಳದಿಯಾಗದ ತಟ್ಟೆ

ಬಿಸಿಲು ಸುಡತೊಡಗಿದ ಮೇಲೆ ಊರು ನೆಲದಡಿಗೆ ಇಳಿದು ಹನ್ನೆರಡು ವರ್ಷವಾಗಿತ್ತು. ಉಣ್ಣುವವರು ಬೆರಳಿಟ್ಟರೆ ಸಾಕು, ಮೈಯಲ್ಲಿ ಏನು ಕಡಿಮೆಯಿದೆಯೆಂದು ತಟ್ಟೆಯೇ ಹೇಳುತ್ತಿತ್ತು. ಅಂಚು ಕೆಂಪಾದರೆ ಕಬ್ಬಿಣ. ನೀಲಾಂಬಿಕೆ ಸೊಪ್ಪಿನ ಪಲ್ಯ ಹೆಚ್ಚು ಬಡಿಸುತ್ತಿದ್ದಳು. ಹಳದಿಯಾದರೆ ಡಿ ವಿಟಮಿನ್; ಎರಡು ತೊಟ್ಟು ಎಣ್ಣೆ. ಬಿಸಿಲು ಕಾಣದ ಊರಿನಲ್ಲಿ ಹಳದಿ ಯಾರನ್ನೂ ಬಿಟ್ಟಿರಲಿಲ್ಲ.

ಇವತ್ತು ಗಂಡ ರುದ್ರಮುನಿಯ ತಟ್ಟೆ ಹಳದಿಯಾಗಲಿಲ್ಲ.

"ರೀ, ಮೇಲಕ್ಕೆ ಹೋಗಿದ್ರಾ?"

"ಹುಚ್ಚಾ ನಿಂಗೆ? ಕಾವಲಿನವರು ಬಿಡ್ತಾರಾ? ತಟ್ಟೆ ಕೆಟ್ಟಿರ್ಬೇಕು."

ಅವಳು ಅದೇ ತಟ್ಟೆಯನ್ನು ಸೆರಗಿನಿಂದ ಒರೆಸಿ ತನ್ನ ಬೆರಳಿಟ್ಟಳು. ಅರಿಶಿನ ಬಳಿದಂತೆ ಹಳದಿಯಾಯಿತು. ತಾನು ಕೆಲಸಕ್ಕೆ ಹೋದ ಮೇಲೆ ಈ ಮನುಷ್ಯ ಮೇಲಿನ ಎಳೆಬಿಸಿಲಲ್ಲಿ ಯಾವಳ ಜೊತೆ ಕೂರುತ್ತಾನೋ! ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಅತ್ತೆಗೆ ಊಟ ಒಯ್ದಳು. ಮುದುಕಿ ಬೆರಳಿಟ್ಟಳು. ಆ ತಟ್ಟೆಯೂ ಹಳದಿಯಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರುದ್ರಮುನಿ ನೋಯುವ ಬೆನ್ನನ್ನು ನೀವಿಕೊಳ್ಳುತ್ತ ತಲೆ ತಗ್ಗಿಸಿದ.

ನೀಲಾಂಬಿಕೆ ಎದ್ದು ಬೀದಿ ಬಾಗಿಲು ಭದ್ರಮಾಡಿ ಬಂದಳು.

"ನಾಳೆ ಅತ್ತೇನ ಹೊತ್ಕೊಂಡು ಹೋಗುವಾಗ ಹಪ್ಪಳಾನೂ ತಗೊಂಡು ಹೋಗಿ. ಹನ್ನೆರಡು ವರ್ಷದಿಂದ ಒಂದೂ ಸರಿಯಾಗಿ ಒಣಗಿಲ್ಲ."